ಬೆಳಗಾದರೆ ಕಿರುಚಾಟ, ರಾತ್ರಿಯಾದರೆ ಅಳು

ಪ್ರಶ್ನೆ: ನನಗೆ 4 ವರ್ಷದ ಮಗಳು, ಒಂದೂವರೆ ವರ್ಷದ ಮಗ. ನಾವಿಬ್ಬರೂ ಕೆಲಸಕ್ಕೆ ಹೋಗುವವರು. ಬೆಳಗ್ಗೆ ಮಗಳನ್ನು ಹೊರಡಿಸುವಷ್ಟರಲ್ಲಿ ನಾನು ಕಿರುಚದ ದಿನವೇ ಇಲ್ಲ. ಬಟ್ಟೆ ಹಾಕಿಸುವುದಕ್ಕೇ ಅರ್ಧ ಗಂಟೆ ರಂಪ. ಒಂದೆರಡು ಸಲ ಕೈಯನ್ನೂ ಎತ್ತಿದ್ದೇನೆ. ಗಂಡ ಒಳ್ಳೆಯವರೇ. ‘ಏನು ಮಾಡ್ಬೇಕು ಹೇಳು, ಮಾಡ್ತೀನಿ’ ಅನ್ನುತ್ತಾರೆ. ರಾತ್ರಿ ಮಲಗಿದ ಮಗಳ ಮುಖ ನೋಡಿದರೆ ಅಳು ಬರುತ್ತದೆ. ನಾನು ಕೆಟ್ಟ ತಾಯಿನಾ?

ಉತ್ತರ: ಖಂಡಿತ ಅಲ್ಲ. ಆದರೆ ಕೈ ಎತ್ತುವುದನ್ನು ಇವತ್ತಿಗೇ ನಿಲ್ಲಿಸಿ. ಸಿಟ್ಟು ನೆತ್ತಿಗೇರಿತು ಅನ್ನಿಸಿದಾಗ ಮಕ್ಕಳನ್ನು ಗಂಡನ ಕೈಗೆ ಬಿಟ್ಟು ಪಕ್ಕದ ಕೋಣೆಗೆ ಹೋಗಿ, ಒಂದು ಲೋಟ ನೀರು ಕುಡಿದು ಬನ್ನಿ. ಎರಡು ನಿಮಿಷ ತಡವಾದರೆ ಆಗಲಿ.

ಮಗಳು ಎಷ್ಟು ಹೊತ್ತಿಗೆ ಮಲಗುತ್ತಾಳೆ ಅಂತ ನೀವು ಬರೆದಿಲ್ಲ. ನನಗೆ ಮೊದಲ ಅನುಮಾನ ಅಲ್ಲೇ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಪ್ರಕಾರ 3-4 ವರ್ಷದ ಮಕ್ಕಳಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು, ಹಗಲಿನ ನಿದ್ದೆಯೂ ಸೇರಿ. ಹಗಲು ಮಲಗದ ಮಗು ಆರೂವರೆಗೆ ಏಳಬೇಕಾದರೆ ರಾತ್ರಿ ಎಂಟೂವರೆಗಾದರೂ ನಿದ್ದೆ ಹತ್ತಿರಬೇಕು. ಒಮ್ಮೆಲೇ ಆಗದಿದ್ದರೆ ಎರಡು ಮೂರು ದಿನಕ್ಕೊಮ್ಮೆ ಹದಿನೈದು ನಿಮಿಷ ಬೇಗ ಮಲಗಿಸುತ್ತಾ ಬನ್ನಿ. ಮಲಗುವ ಮುಂಚಿನ ಒಂದು ಗಂಟೆ ಟಿವಿ, ಮೊಬೈಲ್ ಬೇಡ.

ಇನ್ನು ಬಟ್ಟೆ. ಹಿಂದಿನ ರಾತ್ರಿಯೇ ಎರಡು ಜೊತೆ ಮುಂದಿಡಿ, ಒಂದನ್ನು ಅವಳೇ ಆರಿಸಲಿ. ಅಂಗಿಯ ಕತ್ತಿನ ಲೇಬಲ್, ಕಾಲುಚೀಲದೊಳಗಿನ ಹೊಲಿಗೆ ಚುಚ್ಚುತ್ತಿದೆಯಾ ಅಂತ ಬೆರಳಾಡಿಸಿ ನೋಡಿ. ಹಠ ಅಂತ ನಾವು ಬೈಯುವ ಎಷ್ಟೋ ರಂಪದ ಮೂಲ ಅಲ್ಲಿರುತ್ತದೆ, ಅದನ್ನು ಹೇಳಲು ಮಕ್ಕಳಿಗೆ ಗೊತ್ತಾಗುವುದಿಲ್ಲ ಅಷ್ಟೆ. ಬೆಳಗ್ಗೆ ‘ಬಟ್ಟೆ ಹಾಕ್ಕೋತೀಯಾ?’ ಅಂತ ಕೇಳಬೇಡಿ. ಕೇಳಿದರೆ ‘ಇಲ್ಲ’ ಅಂದೇ ಅನ್ನುತ್ತಾಳೆ. ‘ಮೊದಲು ಅಂಗಿನಾ, ಚಡ್ಡಿನಾ?’ ಅಂತ ಕೇಳಿ. ‘ಬೇಗ ಬೇಗ, ಲೇಟಾಯ್ತು’ ಅನ್ನುವುದರಿಂದಲೂ ಪ್ರಯೋಜನವಿಲ್ಲ. ನಾಲ್ಕು ವರ್ಷದವಳಿಗೆ ಗಡಿಯಾರ ಎಲ್ಲಿ ಅರ್ಥವಾಗುತ್ತದೆ? ಹತ್ತಿರ ಹೋಗಿ, ಕೂತು, ಒಂದೇ ಒಂದು ಕೆಲಸ ಹೇಳಿ. ಅದು ಮುಗಿದ ಮೇಲೆ ಇನ್ನೊಂದು.

ಈಗ ಯಜಮಾನರ ವಿಷಯ. ‘ಹೇಳು, ಮಾಡ್ತೀನಿ’ ಅನ್ನುವುದು ಕೇಳಲು ಚೆನ್ನಾಗಿದೆ. ಆದರೆ ನೆನಪಿಟ್ಟುಕೊಳ್ಳುವುದು, ಹೇಳುವುದು, ಆಯ್ತಾ ಅಂತ ನೋಡುವುದು ಎಲ್ಲ ನಿಮ್ಮ ತಲೆಯಲ್ಲೇ ಉಳಿಯಿತಲ್ವಾ? ಹಾಗಾಗಿ ಬಿಡಿ ಬಿಡಿ ಕೆಲಸ ಹೇಳಬೇಡಿ, ಒಂದು ಮಗುವಿನ ಬೆಳಗನ್ನು ಪೂರ್ತಿ ಅವರಿಗೆ ವಹಿಸಿ. ಮಗನನ್ನು ಎಬ್ಬಿಸುವುದು, ತೊಳೆಯುವುದು, ತಿನ್ನಿಸುವುದು, ಚೀಲಕ್ಕೆ ಡೈಪರ್ ತುಂಬುವುದು, ಡೈಪರ್ ಮುಗಿಯುವ ಮೊದಲೇ ತರುವುದು ಎಲ್ಲ ಅವರದ್ದೇ. ಈ ಮಾತನ್ನು ಬೆಳಗಿನ ಗಡಿಬಿಡಿಯಲ್ಲಿ ಆಡಬೇಡಿ, ರಜೆಯ ದಿನ ಸಮಾಧಾನವಾಗಿ ಕೂತು ಆಡಿ. ಆಮೇಲೆ ನಿಮ್ಮ ಕಷ್ಟದ ಪಾಲು ಶುರು: ಬಾಯಿ ಮುಚ್ಚಿಕೊಂಡಿರುವುದು. ಮಗನ ಅಂಗಿ ಚಡ್ಡಿ ಹೊಂದದಿದ್ದರೆ ಬಿಡಿ. ಒಂದು ದಿನ ನೀರಿನ ಬಾಟಲಿ ಮರೆತರೆ ಮರುದಿನ ಅವರೇ ನೆನಪಿಟ್ಟುಕೊಳ್ಳುತ್ತಾರೆ. ‘ಕೊಡಿ, ನಾನೇ ಮಾಡ್ತೀನಿ’ ಅಂದಿರೋ, ಕೆಲಸ ವಾಪಸ್ ನಿಮ್ಮ ತಲೆಗೆ!

ಹೀಗೆ ಉಳಿದ ಸಮಯದಲ್ಲಿ ದಿನಕ್ಕೆ ಹತ್ತು ನಿಮಿಷ ಮಗಳೊಬ್ಬಳಿಗೇ ಕೊಡಿ. ತಮ್ಮ ಬಂದ ಮೇಲೆ ಅವಳ ಅಮ್ಮ ಅರ್ಧ ಆಗಿದ್ದಾಳೆ, ಪಾಪ.

ಇಷ್ಟಾದರೂ ಒಮ್ಮೊಮ್ಮೆ ಕಿರುಚುತ್ತೀರಿ. ಆಗ ಮಲಗಿದ ಮಗುವಿನ ಮುಂದೆ ಅತ್ತರೆ ಅವಳಿಗೇನು ಗೊತ್ತಾಗುತ್ತದೆ? ಎಚ್ಚರವಿದ್ದಾಗಲೇ ‘ಅಮ್ಮ ಕಿರುಚಬಾರದಿತ್ತು, ಸಾರಿ’ ಅನ್ನಿ. ಜೊತೆಗೆ ‘ನೀನು ಹಾಗೆ ಮಾಡಿದ್ದಕ್ಕೇ ಅಲ್ವಾ’ ಅಂತ ಸೇರಿಸಬೇಡಿ.

ಕೊನೆಗೆ ನಿಮ್ಮ ಅಳುವಿನ ಬಗ್ಗೆ. ಅದು ಎರಡು ವಾರ ದಾಟಿದ್ದರೆ, ಮಕ್ಕಳು ಮಲಗಿದಾಗಲೂ ನಿಮಗೆ ನಿದ್ದೆ ಬಾರದಿದ್ದರೆ, ಯಾವುದೂ ಬೇಡ ಅನ್ನಿಸುತ್ತಿದ್ದರೆ ಡಾಕ್ಟರ ಹತ್ತಿರ ಮಾತಾಡಿ. ಗಂಡನನ್ನೂ ಕರೆದುಕೊಂಡು ಹೋಗಿ.