ಮಗು ಕಾಣ್ತಿಲ್ವಾ? ನಾಳೆ ತನಕ ಕಾಯಬೇಡಿ

ಪ್ರಶ್ನೆ: ನಮ್ಮದು ಸಿಂಧನೂರು ತಾಲ್ಲೂಕಿನ ಒಂದು ಕ್ಯಾಂಪ್ (ಕಾಲುವೆ ನೀರಾವರಿ ನಂಬಿ ಬಂದು ನೆಲೆಸಿದವರ ಊರು). ಮೊಬೈಲ್ ವಿಷಯಕ್ಕೆ ಬೈದಿದ್ದಕ್ಕೆ ನಮ್ಮಣ್ಣನ ಮಗ, 13 ವರ್ಷದವನು, ಮನೆ ಬಿಟ್ಟು ಹೋಗಿದ್ದ. ಠಾಣೆಯಲ್ಲಿ ಅರ್ಜಿ ಇಸ್ಕೊಂಡು, ‘ಎರಡು ದಿನ ನೋಡಿ, ಬರ್ತಾನೆ’ ಅಂದರು. ಮೂರನೇ ದಿನ ರಾಯಚೂರಿನಲ್ಲಿ ಸಿಕ್ಕ. 24 ಗಂಟೆ ಆದ ಮೇಲೇ ದೂರು ತಗೊಳ್ಳೋದು ಅಂತಾರಲ್ಲ, ನಿಜವಾಗ್ಲೂ ಕಾಯಲೇಬೇಕಾ?

ಉತ್ತರ: ಹುಡುಗ ಸಿಕ್ಕ ಅಂತ ಓದಿ ಜೀವ ತಣ್ಣಗಾಯಿತು. ಖಂಡಿತ ಕಾಯಬೇಕಾಗಿಲ್ಲ. ಅಂಥ ನಿಯಮವೇ ಇಲ್ಲ. 18 ವರ್ಷದೊಳಗಿನ ಮಗು ಕಾಣೆಯಾದರೆ ಎಫ್‌ಐಆರ್ ಮಾಡಲೇಬೇಕು, ಅಪಹರಣ ಅಥವಾ ಮಕ್ಕಳ ಸಾಗಣೆ ಇರಬಹುದು ಅಂತಲೇ ತನಿಖೆ ಶುರು ಮಾಡಬೇಕು ಎಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಹಾಗಾಗಿ ಸುಮ್ನೆ ಅರ್ಜಿ ಕೊಟ್ಟು ಬರಬೇಡಿ. ಎಫ್‌ಐಆರ್ ಪ್ರತಿ ಕೇಳಿ ಇಸ್ಕೊಳ್ಳಿ, ಅದಕ್ಕೆ ದುಡ್ಡಿಲ್ಲ. ‘ಇದು ನಮ್ಮ ಠಾಣೆ ಹದ್ದಲ್ಲ’ ಅಂದರೆ ಝೀರೋ ಎಫ್‌ಐಆರ್ (ಹದ್ದು ನೋಡದೆ ಯಾವ ಠಾಣೆಯಲ್ಲಾದರೂ ದಾಖಲಿಸುವ ಎಫ್‌ಐಆರ್) ಮಾಡಿ ಅನ್ನಿ. ಅದಕ್ಕೂ ಒಪ್ಪದಿದ್ದರೆ ಎಸ್‌ಪಿ ಅವರಿಗೆ ಬರೆದು ಕಳಿಸಿ.

ಠಾಣೆಗೆ ಹೋಗುವ ದಾರಿಯಲ್ಲೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಎತ್ತುತ್ತಾರೆ. ಮಗು ರೈಲು ಹತ್ತಿರಬಹುದು ಅನ್ನಿಸಿದರೆ ರೈಲ್ವೆ ಸಹಾಯವಾಣಿ 139ಕ್ಕೆ ಕೂಡ. ರಾಯಚೂರು ಮುಂಬೈ–ಚೆನ್ನೈ ಮಾರ್ಗದಲ್ಲಿದೆ. ಒಂದು ಕಡೆ ಗುಂತಕಲ್, ಇನ್ನೊಂದು ಕಡೆ ವಾಡಿ. ಬೆಳಗಾಗುವುದರೊಳಗೆ ಮಗು ಬೇರೆ ರಾಜ್ಯದಲ್ಲಿರುತ್ತದೆ. ಮೊದಲ ರಾತ್ರಿಯನ್ನು ಕಳೆದುಕೊಳ್ಳಬೇಡಿ ಅಂತ ನಾನು ಹಟ ಹಿಡಿಯುವುದು ಅದಕ್ಕೇ.

ಫೋಟೊ ಈಚಿನದಿರಲಿ. ಅಂಗಿ ಬಣ್ಣ, ಚಪ್ಪಲಿ, ಮಚ್ಚೆ, ಎಲ್ಲಾ ಬರೆಸಿ. ಹಿಂದೆ ಹೀಗೇ ಒಂಟಿಯಾಗಿ ಸಿಕ್ಕ ಒಬ್ಬ ಹುಡುಗನನ್ನು ಮಾತಾಡಿಸಿದ್ದೆ. ‘ಯಾವೂರಪ್ಪಾ?’ ಅಂದರೆ ‘ಕ್ಯಾಂಪ್’ ಅಂದ. ಯಾವ ಕ್ಯಾಂಪ್? ತಲೆ ತಗ್ಗಿಸಿದ. ಸಿಂಧನೂರು, ಗಂಗಾವತಿ ಸುತ್ತ ಕ್ಯಾಂಪ್‌ಗಳು ಎಷ್ಟಿವೆ ಅಂತ ನಿಮಗೇ ಗೊತ್ತಲ್ವಾ? ಕೊನೆಗೆ ಊರು ಗೊತ್ತಾಗಿದ್ದು ಅಂಗಿ ಕಾಲರ್‌ನಲ್ಲಿದ್ದ ಟೈಲರ್ ಚೀಟಿಯಿಂದ! ಹೆದರಿದ ಮಕ್ಕಳು ಹೆಸರನ್ನೂ ಬೇರೆ ಹೇಳುತ್ತಾರೆ.

ಇನ್ನೊಂದು ಮಾತು ಬಹಳ ಜನಕ್ಕೆ ಗೊತ್ತಿಲ್ಲ. ಒಂಟಿಯಾಗಿ ಸಿಕ್ಕ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿ ಮುಂದೆ ತರಬೇಕು. ಈ ಸಮಿತಿ ಜಿಲ್ಲೆಗೊಂದು ಇರುತ್ತದೆ. ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಕಡೆ ಫೋಟೊ ಮುಟ್ಟಿಸಿ. ಮಗು ಆಗಲೇ ಯಾವುದೋ ಬಾಲಮಂದಿರದಲ್ಲಿ ಊಟ ಮಾಡಿ ಮಲಗಿರಬಹುದು. ನಾಲ್ಕು ತಿಂಗಳಾದರೂ ಸಿಗದಿದ್ದರೆ ಪ್ರಕರಣವನ್ನು ಮಾನವ ಕಳ್ಳಸಾಗಣೆ ತಡೆ ಘಟಕಕ್ಕೆ ಕೊಡಬೇಕು. ಅದನ್ನು ನೀವೇ ನೆನಪಿಸಿ.

ವಾಟ್ಸಾಪ್‌ನಲ್ಲಿ ಹಾಕುವುದಾದರೆ ಮನೆ ವಿಳಾಸ ಬೇಡ, ಠಾಣೆಯ ನಂಬರ್ ಕೊಡಿ. ನಿಮ್ಮ ಹುಡುಗನ ಫೋಟೊ ಇನ್ನೂ ಗ್ರೂಪ್‌ಗಳಲ್ಲಿ ಓಡಾಡುತ್ತಿರಬೇಕು. ‘ಸಿಕ್ಕಿದ್ದಾನೆ, ಅಳಿಸಿ’ ಅಂತ ಇವತ್ತೇ ಎಲ್ಲರಿಗೂ ಕಳಿಸಿ. ಅವನು ನಾಳೆ ಶಾಲೆಗೆ ಹೋಗಬೇಕು.