ಕಣ್ಣು ಸರಿಯಿದ್ದರೂ ಮಗು ಏಕೆ ನೋಡುವುದಿಲ್ಲ?

ಪ್ರಶ್ನೆ: ನಮ್ಮ ಎರಡು ವರ್ಷದ ಮಗಳಿಗೆ ಸಿಡಿಕೆಎಲ್‌-5 ಎಂಬ ಜೀನಿನ ದೋಷವಿದ್ದು, ಹಸುಗೂಸಾಗಿದ್ದಾಗಿನಿಂದ ಫಿಟ್ಸ್ ಬರುತ್ತಿದೆ. ಕಣ್ಣು ಸರಿಯಿದೆಯೆಂದು ವೈದ್ಯರು ಹೇಳಿದರೂ ಅವಳು ನಮ್ಮ ಮುಖ ನೋಡದೆ ಟ್ಯೂಬ್‌ಲೈಟನ್ನೇ ದಿಟ್ಟಿಸುತ್ತಾಳೆ. ಏಕೆ?
– ಓದುಗರೊಬ್ಬರು, ಹಾಸನ

ಉತ್ತರ: ಕಣ್ಣಿಗೆ ಬಿದ್ದುದನ್ನು ಅರ್ಥ ಮಾಡಿಕೊಳ್ಳುವ ಕೆಲಸ ಮಿದುಳಿನದು, ಈ ಕಾಯಿಲೆಯಲ್ಲಿ ಆ ಕೆಲಸಕ್ಕೇ ತೊಡಕಾಗುವುದು ಸಾಮಾನ್ಯವಾದ್ದರಿಂದ, ಕಣ್ಣಿನ ಪರೀಕ್ಷೆಯಲ್ಲಿ ಏನೂ ಕಾಣದಿದ್ದರೂ ದೃಷ್ಟಿದೋಷ ಇರಬಹುದು, ಕನ್ನಡಕದಿಂದ ಅದು ಸರಿಹೋಗುವುದೂ ಇಲ್ಲ. ಬೆಳಕನ್ನೇ ದಿಟ್ಟಿಸುವುದು ಇದರ ಪರಿಚಿತ ಲಕ್ಷಣ. ಮುಖ ನೋಡದಿರುವುದನ್ನು ಅಕ್ಕರೆಯ ಕೊರತೆಯೆಂದು (ಮನೆಗೆ ಬಂದವರು ಹಾಗೆನ್ನುವುದು ಹೆಚ್ಚು) ಭಾವಿಸಬೇಡಿ. ಕಣ್ಣು, ತುಟಿ, ಹುಬ್ಬುಗಳೆಲ್ಲ ಒಟ್ಟಿಗೆ ಚಲಿಸುವ ಮುಖ ಅಂಥ ಮಗುವಿಗೆ ಬಹಳ ಜಟಿಲವಾದ ದೃಶ್ಯ. ಸದ್ದಿಲ್ಲದ ಕೋಣೆಯಲ್ಲಿ, ಕಪ್ಪು ಬಟ್ಟೆಯ ಮುಂದೆ ಹಳದಿ ಅಥವಾ ಕೆಂಪು ಬಣ್ಣದ ಒಂದೇ ಆಟಿಕೆಯನ್ನು ನಿಧಾನವಾಗಿ ಅಲುಗಿಸಿ, ಅವಳು ತಿರುಗುವವರೆಗೆ ಮಾತಾಡದೆ ಕಾಯಿರಿ. ಫಿಟ್ಸ್ ಬಂದ ದಿನ, ನಿದ್ದೆಗೆಟ್ಟ ದಿನ ನೋಟ ಕುಗ್ಗುವುದುಂಟು. ಅಂದು ಒತ್ತಾಯ ಬೇಡ.

ಫಿಟ್ಸ್ ತಡೆಯಲು ವಿಗಾಬಾಟ್ರಿನ್ ಎಂಬ ಮಾತ್ರೆ ಕೊಡುತ್ತಿದ್ದರೆ, ಅದು ರೆಟಿನಾಕ್ಕೆ ಹಾನಿ ಮಾಡಬಲ್ಲ ಔಷಧವಾದ್ದರಿಂದ ಕಣ್ಣಿನ ತಪಾಸಣೆಯನ್ನು ನಿಯಮಿತವಾಗಿ ಮಾಡಿಸಿ, ಆದರೆ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಮಕ್ಕಳ ನರರೋಗ ತಜ್ಞರಿಗೆ ಇದನ್ನೆಲ್ಲ ತಿಳಿಸಿ, ದೃಷ್ಟಿ ತರಬೇತಿ ಕೊಡುವ ಕೇಂದ್ರಕ್ಕೆ ಪತ್ರ ಬರೆಸಿಕೊಳ್ಳಿ.