8,000 ರೂಪಾಯಿಗೆ ಒಂದು ಡಿಸೈನರ್ ಅಬಾಯ (ಮೈ ಮುಚ್ಚುವ ಉದ್ದ ನಿಲುವಂಗಿ) ಕೊಳ್ಳಲೇ, ನಾಲ್ಕು ಸಾಧಾರಣ ಚೂಡಿದಾರ್ ಕೊಳ್ಳಲೇ?

ತಂಗಿ, ಅರಸೀಕೆರೆಯಿಂದ ಚಿಕ್ಕಮಗಳೂರಿಗೆ ಮೊದಲ ಕೆಲಸಕ್ಕೆ ಬರುತ್ತಿದ್ದೀರಿ. ಮೈ ಪೂರ್ತಿ ಮುಚ್ಚಬೇಕು, ಹಾಗೆಂದು ಹಳೆಯ ಕಾಲದವಳಂತೆ ಕಾಣಬಾರದು ಎನ್ನುವುದು ನಿಮ್ಮ ಚಿಂತೆ. ಈ ಚಿಂತೆಯನ್ನು ನಾನು 2013ರಲ್ಲಿ ಪಟ್ಟಿದ್ದೆ, ತಪ್ಪು ಬಟ್ಟೆ ಆರಿಸಿಕೊಂಡಿದ್ದೆ, ಅದರಿಂದ ಕೈಗೆ ಬರಬಹುದಾಗಿದ್ದ ಕೆಲಸವೊಂದನ್ನು ಕಳೆದುಕೊಂಡಿದ್ದೆ.

ನಮ್ಮ ಮನೆ ಆಲ್ದೂರಿನ ಹತ್ತಿರ. ಆ ವರ್ಷ ಚಿಕ್ಕಮಗಳೂರಿನ ಒಂದು ಖಾಸಗಿ ಕಚೇರಿಯಿಂದ ಲೆಕ್ಕಪತ್ರದ ಕೆಲಸಕ್ಕೆ ಸಂದರ್ಶನದ ಕರೆ ಬಂದಿತ್ತು. ತಾಯಿಯ ಸೋದರಿ ಖಾಲಾ ಜೊತೆಗೆ ಬೆಂಗಳೂರಿಗೆ ಹೋಗಿದ್ದಾಗ ಶಿವಾಜಿನಗರದ ಅಂಗಡಿಯೊಂದರಲ್ಲಿ ಗೊಂಬೆಯ ಮೇಲಿದ್ದ ಬೂದು ಬಣ್ಣದ ಜಾರ್ಜೆಟ್ ಅಬಾಯವನ್ನು ನೋಡಿದ ಕೂಡಲೇ, ಸಂದರ್ಶನಕ್ಕೆ ಇದನ್ನೇ ಉಡಬೇಕೆಂದು ನಿರ್ಧರಿಸಿಬಿಟ್ಟೆ. ತೋಳಿನ ಕೊನೆ ಗಂಟೆಯಂತೆ ಅಗಲವಾಗಿತ್ತು, ಅಂಚಿಗೆ ಸಾಸಿವೆಯಷ್ಟು ಸಣ್ಣ ಮಣಿಗಳನ್ನು ಕೂರಿಸಿದ್ದರು, ಹೆಜ್ಜೆ ಇಟ್ಟರೆ ನೆರಿಗೆ ನೀರಿನಂತೆ ಹರಿಯುತ್ತಿತ್ತು. ಆಗಿನ 3,200 ರೂಪಾಯಿ ಕೊಟ್ಟು ತಂದೆ. ಮನೆಯಲ್ಲಿ ಅಮ್ಮಿ ಅದರ ಅಂಚನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಉಜ್ಜಿ ನೋಡಿ, ‘ಲೈನಿಂಗ್ ಎಲ್ಲಿಯವರೆಗಿದೆ, ನೋಡಿದೆಯಾ?’ ಎಂದು ಕೇಳಿದರು. ನಾನು ನೋಡಿರಲಿಲ್ಲ, ಆಗಲೂ ನೋಡಲಿಲ್ಲ.

ಜುಲೈ ತಿಂಗಳ ಬೆಳಿಗ್ಗೆ. ಬಸ್ ನಿಲ್ದಾಣದಿಂದ ಕಚೇರಿಗೆ ಹತ್ತು ನಿಮಿಷದ ದಾರಿಯೂ ಇರಲಿಲ್ಲ. ಅರ್ಧ ದಾರಿಯಲ್ಲಿ ಮಳೆ ಗಾಳಿಯ ಸಮೇತ ಬಂದು ಕೊಡೆಯನ್ನು ಮೇಲಕ್ಕೆ ಮಗುಚಿತು. ಎರಡೇ ನಿಮಿಷದಲ್ಲಿ ನಡು, ತೊಡೆ ಮತ್ತು ತೋಳಿಗೆ ಆ ಜಾರ್ಜೆಟ್ ಇನ್ನೊಂದು ಚರ್ಮದಂತೆ ಅಂಟಿಕೊಂಡಿತು. ಲೈನಿಂಗ್ ಸೊಂಟದಿಂದ ನಾಲ್ಕು ಬೆರಳು ಕೆಳಗೆ ಮುಗಿದಿತ್ತು, ತೋಳಿಗಂತೂ ಇರಲೇ ಇಲ್ಲ. ಒಳಗೆ ತೊಟ್ಟಿದ್ದ ಬಿಳಿ ಬಟ್ಟೆಯ ಹೊಲಿಗೆಯ ಗೆರೆಯೂ ಹೊರಗೆ ಕಾಣುತ್ತಿತ್ತು. ಮಂಡಿಯವರೆಗೆ ಕುರ್ತಾ, ಮೇಲೊಂದು ಹತ್ತಿಯ ದುಪಟ್ಟಾ ಹಾಕಿಕೊಂಡಿದ್ದರೆ ಎಷ್ಟು ಮುಚ್ಚುತ್ತಿತ್ತೋ, ಅಷ್ಟನ್ನೂ ಈ ಕಾಲಿನವರೆಗಿನ ಅಬಾಯ ಮುಚ್ಚಲಿಲ್ಲ. ಮುಚ್ಚಿದ ಅಂಗಡಿಯೊಂದರ ಶೀಟಿನ ಕೆಳಗೆ ಗೋಡೆಗೆ ಬೆನ್ನು ಹಚ್ಚಿ ನಿಂತವಳಿಗೆ ಅಲ್ಲಿಂದ ಹೊರಡಲು ಧೈರ್ಯ ಬರಲಿಲ್ಲ. ತೋಟದ ಕೆಲಸಕ್ಕೆ ಹೋಗುವ ವಯಸ್ಸಾದ ಹೆಂಗಸೊಬ್ಬರು ಅಲ್ಲೇ ನಿಂತಿದ್ದರು. ಅವರು ಒಂದು ಮಾತನ್ನೂ ಕೇಳದೆ ತಮ್ಮ ಪ್ಲಾಸ್ಟಿಕ್ ಕೊಪ್ಪೆಯನ್ನು ತೆಗೆದು ನನ್ನ ತಲೆಯಿಂದ ಮಂಡಿಯವರೆಗೆ ಇಳಿಬಿಟ್ಟರು. ಮಳೆ ನಿಲ್ಲುವಷ್ಟರಲ್ಲಿ ಸಂದರ್ಶನದ ಸಮಯ ದಾಟಿತ್ತು. ಫೋನ್ ಮಾಡಿದಾಗ, ಬೇರೆಯವರನ್ನು ತೆಗೆದುಕೊಂಡಾಯಿತು ಎಂಬ ಉತ್ತರ ಬಂತು.

ನನ್ನ ತಪ್ಪು ಮಳೆಯಲ್ಲಿ ಹೊರಟದ್ದಲ್ಲ, ಹೆಚ್ಚು ಹಣ ಕೊಟ್ಟದ್ದೂ ಅಲ್ಲ. ಬಟ್ಟೆಯನ್ನು ಅದು ಕೆಲಸ ಮಾಡಬೇಕಾದ ಜಾಗದಲ್ಲಿ ಪರೀಕ್ಷಿಸದೆ, ಅದನ್ನು ಮಾರುವ ಜಾಗದಲ್ಲಿ ನೋಡಿ ನಂಬಿದ್ದೇ ತಪ್ಪು. ಅಂಗಡಿಯಲ್ಲಿ ದೀಪ ಮುಂದಿನಿಂದ ಬೀಳುತ್ತದೆ, ಆದ್ದರಿಂದ ತೆಳುವಾದ ಬಟ್ಟೆಯೂ ಗಟ್ಟಿಯಾಗಿ ಕಾಣುತ್ತದೆ. ರಸ್ತೆಯಲ್ಲಿ ಬೆಳಕು ಹಿಂದಿನಿಂದಲೂ ಬರುತ್ತದೆ, ಬೆಳಗಿನ ಬಿಸಿಲು ಕಾಲುಗಳ ಆಕಾರವನ್ನು ಬಟ್ಟೆಯ ಮೇಲೆ ಬರೆದು ತೋರಿಸುತ್ತದೆ. ಒಣಗಿದ ಬಟ್ಟೆಯಲ್ಲಿ ಎಳೆಗಳ ನಡುವೆ ಗಾಳಿ ಇರುವುದರಿಂದ ಬೆಳಕು ಚದುರಿ ಒಳಗಿನದು ಮರೆಯಾಗುತ್ತದೆ, ಆದರೆ ಆ ಸಂದುಗಳಲ್ಲಿ ನೀರು ತುಂಬಿಕೊಂಡ ಕೂಡಲೇ ಬೆಳಕು ಚದುರದೆ ನೇರವಾಗಿ ಹಾದುಹೋಗುತ್ತದೆ. ತಿಳಿ ಬಣ್ಣದ ತೆಳು ಬಟ್ಟೆ ನೆನೆದೊಡನೆ ಗಾಜಿನಂತಾಗುವುದು ಇದರಿಂದಲೇ. ಒಳಗೆ ಬಿಳಿ ತೊಟ್ಟರೆ ಮರೆಯಾಗುತ್ತದೆ ಎಂದು ನಾನು ತಿಳಿದಿದ್ದೆ. ಬಿಳಿ ಇನ್ನಷ್ಟು ಎದ್ದು ಕಾಣುತ್ತದೆ, ಮರೆಯಾಗುವುದು ನಮ್ಮ ಮೈಬಣ್ಣಕ್ಕೆ ಹತ್ತಿರದ ಬಣ್ಣ. ಇಷ್ಟನ್ನು ಕಂಡುಕೊಳ್ಳಲು ಕಿಟಕಿಯ ಬೆಳಕಿಗೆ ಬಟ್ಟೆಯನ್ನು ಹಿಡಿದು ಹಿಂದೆ ಅಂಗೈ ಇಟ್ಟು ನೋಡಿದ್ದರೆ ಸಾಕಿತ್ತು. ಬೆರಳುಗಳನ್ನು ಎಣಿಸಲು ಬಂದರೆ ಆ ಬಟ್ಟೆಗೆ ಮೇಲಿನಿಂದ ಕೆಳಗಿನವರೆಗೆ, ತೋಳೂ ಸೇರಿದಂತೆ, ಲೈನಿಂಗ್ ಬೇಕೇ ಬೇಕು.

ಈಗ ನಿಮ್ಮ ಪ್ರಶ್ನೆಯಲ್ಲಿ ನಾನು ಒಪ್ಪದ ಮಾತಿಗೆ ಬರುತ್ತೇನೆ. ಮೈ ಮುಚ್ಚುವುದು ತಕ್ಕಡಿಯ ಒಂದು ತಟ್ಟೆಯಲ್ಲಿ, ಚೆಂದ ಕಾಣುವುದು ಇನ್ನೊಂದು ತಟ್ಟೆಯಲ್ಲಿ, ಒಂದನ್ನು ಏರಿಸಿದರೆ ಇನ್ನೊಂದು ಇಳಿಯುತ್ತದೆ ಎಂಬ ಧಾಟಿಯಲ್ಲಿ ಬರೆದಿದ್ದೀರಿ. ಕುರ್‌ಆನಿನ 7ನೇ ಅಧ್ಯಾಯದ 26ನೇ ವಚನದಲ್ಲಿ ಉಡುಪಿನ ಎರಡು ಕೆಲಸಗಳು ಒಂದೇ ಉಸಿರಿನಲ್ಲಿ ಬರುತ್ತವೆ: ಮಾನ ಮುಚ್ಚುವುದು ಒಂದು, ‘ರೀಶ್’ ಇನ್ನೊಂದು. ರೀಶ್ ಎಂದರೆ ಹಕ್ಕಿಯ ಗರಿ, ಅಂದರೆ ಅಲಂಕಾರ. ಅದಾದ ಮೇಲೆ, ತಕ್ವಾದ, ಅಂದರೆ ದೇವರ ಭಯಭಕ್ತಿಯ, ಉಡುಪೇ ಎಲ್ಲಕ್ಕಿಂತ ಉತ್ತಮ ಎಂಬ ಮಾತು ಬರುತ್ತದೆ. ಹಕ್ಕಿಗೆ ಗರಿ ಹೊದಿಕೆಯೂ ಹೌದು, ಸೊಬಗೂ ಹೌದು, ಮಳೆಯಿಂದ ಕಾಪಾಡುವುದೂ ಅದೇ. ಪ್ರವಾದಿಯವರ ಮಾತುಗಳ ಸಂಗ್ರಹವಾದ ಸಹೀಹ್ ಮುಸ್ಲಿಮ್‌ನ ಹದೀಸ್ ಒಂದರಲ್ಲಿ ಉಟ್ಟೂ ಬೆತ್ತಲೆಯಾಗಿರುವವರ ಮಾತು ಬರುತ್ತದೆ. ಆ ಶೀಟಿನ ಕೆಳಗೆ ನಿಂತಿದ್ದಾಗ ನನಗೆ ನೆನಪಾದದ್ದು ಅದೇ ಮಾತು, ಇವತ್ತಿಗೂ ಬಟ್ಟೆ ಕೊಳ್ಳುವಾಗ ಅದು ಮನಸ್ಸಿಗೆ ಬರುತ್ತದೆ.

ನಿಜವಾಗಿ ಚೆನ್ನಾಗಿರುವ ಮೈಮುಚ್ಚುವ ಉಡುಪು ಹುಟ್ಟಿರುವುದೂ ಉಡುವವಳ ದಿನಚರಿಯಿಂದಲೇ. ಆಸ್ಟ್ರೇಲಿಯಾದ ಅಹೆದಾ ಜನೆಟ್ಟಿ ತಮ್ಮ ಸಂಬಂಧಿಕರ ಹುಡುಗಿ ದಪ್ಪ ಬಟ್ಟೆಯಲ್ಲಿ ಬೆವರುತ್ತಾ ನೆಟ್‌ಬಾಲ್ ಆಡುವುದನ್ನು ನೋಡಿ ಆಟದ ಹಿಜಾಬಿನ ಉಡುಪು ರೂಪಿಸಿದರು, 2004ರಲ್ಲಿ ಮೈ ಮುಚ್ಚುವ ಈಜುಡುಪಾದ ಬುರ್ಕಿನಿಯನ್ನೂ ತಂದರು. ನನ್ನ ಆ ಜಾರ್ಜೆಟ್‌ನಂತೆ ಅದರ ಬಟ್ಟೆಯೂ ಪಾಲಿಯೆಸ್ಟರೇ, ಆದರೆ ನೀರಿಗೆ ಇಳಿಯುವವಳಿಗಾಗಿಯೇ ಆರಿಸಿದ ಪಾಲಿಯೆಸ್ಟರ್. ಆದ್ದರಿಂದ ಪಾಲಿಯೆಸ್ಟರ್ ಕೆಟ್ಟದ್ದು, ಹತ್ತಿ ಒಳ್ಳೆಯದು ಎಂದು ಯಾರಾದರೂ ಹೇಳಿದರೆ ಹಾಗೆಯೇ ನಂಬಬೇಡಿ. ನಿಮ್ಮ ಅರಸೀಕೆರೆಯ ಬಿಸಿಲಿಗೆ ಹತ್ತಿ ಸರಿ. ಜುಲೈನಲ್ಲಿ ನಮ್ಮ ಕಡೆ ದಪ್ಪ ಹತ್ತಿ ಎರಡು ದಿನವಾದರೂ ಒಣಗದೆ ಮುಗ್ಗಲು ವಾಸನೆ ಹಿಡಿಯುತ್ತದೆ. ರೇಯಾನ್ ನೆನೆದರೆ ಭಾರವಾಗಿ ಜೋತುಬೀಳುತ್ತದೆ. ಮಳೆಗಾಲಕ್ಕೆ ನಾನು ಉಡುವುದು ತೂಕವಿರುವ ಕ್ರೇಪ್ ಅಥವಾ ಅಬಾಯಕ್ಕೆಂದೇ ಬಳಸುವ ನಿದಾ ಬಟ್ಟೆ. ಕೊಡವಿದರೆ ನೀರು ಜಾರುತ್ತದೆ, ರಾತ್ರಿ ಹರವಿದರೆ ಬೆಳಿಗ್ಗೆಗೆ ಒಣಗುತ್ತದೆ.

ಆದ್ದರಿಂದ ಡಿಸೈನರ್ ಅಬಾಯವೂ ಬೇಡ, ನಾಲ್ಕು ಚೂಡಿದಾರ್‌ಗಳೂ ಬೇಡ. ಬಟ್ಟೆ ಕೊಂಡು ಹೊಲಿಸಿ. ಕೆಲಸ ತಪ್ಪಿಹೋದ ಮರುವರ್ಷ ನಾನು ಹೊಲಿಸಿದ ಕಡು ಹಸಿರು ಕ್ರೇಪ್ ಅಬಾಯಕ್ಕೆ ಬಟ್ಟೆ, ಲೈನಿಂಗ್, ಹೊಲಿಗೆ ಎಲ್ಲ ಸೇರಿ 2,400 ರೂಪಾಯಿ ಆಗಿತ್ತು. ಈಗಿನ ಬೆಲೆಯಲ್ಲೂ ನಿಮ್ಮ ಹಣಕ್ಕೆ ಮಳೆಗೊಂದು, ಬೇಸಿಗೆಗೊಂದು ಆದೀತು. ನಮ್ಮ ಟೈಲರ್ ಚಾಚಾ ಅದನ್ನು ಕತ್ತರಿಸುವ ಮುನ್ನ ನನ್ನನ್ನು ಕಚೇರಿಗೆ ಹಾಕಿಕೊಂಡು ಹೋಗುವ ಚಪ್ಪಲಿಯಲ್ಲೇ ನಿಲ್ಲಿಸಿ, ನೆಲದಿಂದ ಎರಡು ಇಂಚು ಮೇಲಕ್ಕೆ ಸೀಮೆಸುಣ್ಣದ ಗುರುತು ಹಾಕಿದರು. ಭುಜದ ಹೊಲಿಗೆಯನ್ನು ಸರಿಯಾಗಿ ಭುಜದ ಮೂಳೆಯ ಮೇಲೆ ಕೂರಿಸಿದರು. ಉಡುಪು ಎಷ್ಟೇ ಸಡಿಲವಾಗಿದ್ದರೂ ಭುಜ ಒಂದು ಸರಿಯಾಗಿ ಕುಳಿತರೆ ಅದು ಅಳತೆಯ ಬಟ್ಟೆಯಂತೆ ಕಾಣುತ್ತದೆ, ಭುಜ ಜಾರಿದರೆ ಎಷ್ಟು ಮಣಿ ಹಾಕಿದರೂ ಅಕ್ಕನ ಬಟ್ಟೆ ತೊಟ್ಟಂತೆಯೇ ಕಾಣುತ್ತದೆ. ತೋಳಿನ ಕೊನೆಯನ್ನು ಮಣಿಕಟ್ಟಿಗೆ ಬಿಗಿದು ಗುಂಡಿ ಇಡಿಸಿಕೊಳ್ಳಿ, ಗಂಟೆಯಾಕಾರದ ತೋಳು ಕೈ ಎತ್ತಿದರೆ ಮೊಣಕೈಗೆ ಇಳಿಯುತ್ತದೆ. ಲೈನಿಂಗ್ ಹತ್ತಿಯದಾದರೆ ಮೊದಲು ನೀರಿಗೆ ಹಾಕಿ ಒಣಗಿಸಿಯೇ ಕೊಡಿ, ಇಲ್ಲವಾದರೆ ಅದು ಮೊದಲ ಒಗೆತಕ್ಕೇ ಕುಗ್ಗಿ ಹೊರಗಿನ ಬಟ್ಟೆಯನ್ನು ಎಳೆಯುತ್ತದೆ. ಕೆಳಗಿನ ಅಂಚಿನಲ್ಲಿ ಲೈನಿಂಗನ್ನು ಹೊರಬಟ್ಟೆಗೆ ಸೇರಿಸಿ ಹೊಲಿಯಬೇಡಿ ಎಂದೂ ಹೇಳಿ, ಬಿಡಿಯಾಗಿದ್ದರೆ ನೆರಿಗೆ ಚೆನ್ನಾಗಿ ಬೀಳುತ್ತದೆ.

ಚೂಡಿದಾರ್‌ಗಳು ನಿಮ್ಮ ಹತ್ತಿರ ಈಗಾಗಲೇ ಇರುತ್ತವೆ. ಉದ್ದ ಕುರ್ತಾ ಮತ್ತು ಸಡಿಲ ಪ್ಯಾಂಟಿನ ಮೇಲೆ ಅಗಲವಾದ ಓಢ್ನಿ ಎದೆ ತುಂಬ ಬೀಳುವಂತಿದ್ದರೆ ಅದೂ ಪೂರ್ತಿ ಉಡುಪೇ, ಅದನ್ನು ಕಡಿಮೆ ಎಂದು ಎಣಿಸಬೇಕಾಗಿಲ್ಲ. ನನ್ನ ದಾದಿ, ಅಂದರೆ ಅಪ್ಪನ ತಾಯಿ, ಜೀವಮಾನವಿಡೀ ಉದ್ದ ತೋಳಿನ ಕುಪ್ಪಸ ತೊಟ್ಟು, ಸೀರೆಯ ಸೆರಗನ್ನು ತಲೆಯ ಮೇಲೆ ಹೊದ್ದೇ ಓಡಾಡಿದವರು, ಅವರಷ್ಟು ಲಕ್ಷಣವಾಗಿ ಉಡುವವರನ್ನು ನಾನು ಇನ್ನೂ ನೋಡಿಲ್ಲ.

ಬೈಕಿನ ಹಿಂದೆ ಕೂರುವುದಿದ್ದರೆ ಓಢ್ನಿಯ ಎರಡೂ ತುದಿಗಳನ್ನು ಸೊಂಟದ ಹತ್ತಿರ ಗಂಟು ಹಾಕಿ, ಅಬಾಯದ ಅಂಚನ್ನು ಮಡಿಲಿಗೆ ಎಳೆದುಕೊಂಡೇ ಕುಳಿತುಕೊಳ್ಳಿ. ಕೂರುವವರ ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂದಿನ ಚಕ್ರದ ಅರ್ಧದಷ್ಟಾದರೂ ಮುಚ್ಚುವ ತಡೆ ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಹೇಳುತ್ತದೆ. ನೋಟಕ್ಕಾಗಿ ಅದನ್ನು ಬಿಚ್ಚಿಸಿರುವ ಬೈಕುಗಳೂ ಇರುತ್ತವೆ, ಅಂಥವುಗಳ ಮೇಲೆ ದಯವಿಟ್ಟು ಕೂರಬೇಡಿ.

ಮೊದಲನೆಯ ಅಬಾಯವನ್ನು ಊರಿನಲ್ಲೇ ಹೊಲಿಸಿಕೊಂಡು ಬನ್ನಿ. ತಂದ ದಿನವೇ ಬಚ್ಚಲಿಗೆ ಹೋಗಿ, ಅದನ್ನು ತೊಟ್ಟುಕೊಂಡೇ ಎರಡೂ ಭುಜಗಳ ಮೇಲೆ ಒಂದೊಂದು ತಂಬಿಗೆ ನೀರು ಸುರಿದುಕೊಳ್ಳಿ. ಆಮೇಲೆ ಕಿಟಕಿಗೆ ಬೆನ್ನು ಕೊಟ್ಟು ನಿಂತು ಕನ್ನಡಿ ನೋಡಿ. ಎಲ್ಲಿ ಅಂಟುತ್ತದೆಯೋ ಅಲ್ಲಿ ಲೈನಿಂಗ್ ಹಾಕಿಸಲು, ಕೆಲಸಕ್ಕೆ ಸೇರುವ ಮುನ್ನ, ನಿಮಗೆ ಇನ್ನೂ ಒಂದು ತಿಂಗಳ ಸಮಯವಿದೆ.